ಹತ್ತು ಸೆಂಟಿನ ಕೀಲುಕುದುರೆ

ನಾಣ್ಯ ಬಿತ್ತು. ಟಣ್ ಎಂದು ಎಲ್ಲೋ ತಗುಲಿತು, ಸರಕ್ಕನೆ ಜಾರಿತು, ಕಟಕ್ ಅಂತ ಯಾವುದೋ ಕೊಂಡಿ ಕಚ್ಚಿಕೊಂಡಿತು, ಅದರ ಬೆನ್ನಿಗೇ ನೆಲದಡಿಯಿಂದ ಎಂಬಂತೆ ಮೋಟರು ಗುರುಗುಟ್ಟಿತು. ಎಪ್ಪತ್ತು ವರ್ಷ ದಾಟಿದ ಕುದುರೆ ನಡೆಯತೊಡಗಿತು! ಮೇಲೆ ಕೂತಿದ್ದ ತಮ್ಮನ ಮಗಳು ನನ್ನ ಕಡೆ ತಿರುಗಿ, “ದೊಡ್ಡಪ್ಪ, ಈಗ ಲಗಾಮು ಎಳೀತೀನಿ ನೋಡು” ಅಂದಳು. ಎಳೆದಳು. ಅಲ್ಲಿಯವರೆಗೆ ತುಕುತುಕು ಹೆಜ್ಜೆ ಹಾಕುತ್ತಿದ್ದದ್ದು ಒಮ್ಮೆಲೇ ನಾಗಾಲೋಟಕ್ಕೆ ಬಿತ್ತು. ಲಗಾಮು ಸಡಿಲಿಸಿದಳು, ಮತ್ತೆ ತುಕುತುಕು. ಎಳೆದಳು, ಮತ್ತೆ ನಾಗಾಲೋಟ. ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಯಾಕೆ ಅಂತೀರೋ, ಬೆಂಗಳೂರಿನ ಮಾಲ್‌ಗಳಲ್ಲಿ ಇಂಥವನ್ನು ನಾನು ನೋಡದವನೇನಲ್ಲ. ಮಿಣಮಿಣ ದೀಪ ಹಚ್ಚಿಕೊಂಡು, ಕರ್ಕಶವಾಗಿ ಹಾಡು ಹೇಳಿಕೊಂಡು ಹಿಂದೆಮುಂದೆ ಅಲ್ಲಾಡುವ ಪ್ಲಾಸ್ಟಿಕ್ ಕಾರುಗಳು. ಮಗು ಸ್ಟೀರಿಂಗನ್ನು ಎತ್ತ ತಿರುಗಿಸಿದರೂ ಕಾರಿಗೆ ಅದರ ಪರಿವೆಯಿಲ್ಲ. ಅದು ತನ್ನಷ್ಟಕ್ಕೆ ಅಲ್ಲಾಡಿ ತನ್ನಷ್ಟಕ್ಕೆ ನಿಲ್ಲುತ್ತದೆ. ಆದರೆ ಮಿಷಿಗನ್ನಿನ ಈ ಗ್ಯಾರೇಜಿನ ಕುದುರೆ ಮಗುವಿನ ಮಾತು ಕೇಳುತ್ತಿತ್ತು! 1950ರ ದಶಕದ ಆರಂಭದಲ್ಲಿ ಷಿಕಾಗೋದ ಎಕ್ಸಿಬಿಟ್ ಸಪ್ಲೈ ಕಂಪನಿ ಮಾರುತ್ತಿದ್ದ ‘ಬಿಗ್ ಬ್ರಾಂಕೊ’ ಅದು. ಕಂಪ್ಯೂಟರ್ ಇಲ್ಲ, ಚಿಪ್ಪು ಇಲ್ಲ. ಒಂದು ಮೋಟರು, ಒಂದು ಬೆಲ್ಟು, ಒಂದಿಷ್ಟು ಹಲ್ಲುಚಕ್ರ. ಅಷ್ಟರಲ್ಲೇ ನಡಿಗೆ, ಅಷ್ಟರಲ್ಲೇ ಓಟ.

ಕುದುರೆಯ ಯಜಮಾನರು ತಮ್ಮನ ಪಕ್ಕದ ಮನೆಯವರು. ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮಾತು ಕಮ್ಮಿ, ಬೆರಳುಗಳ ಸಂದಿಯಲ್ಲಿ ಗ್ರೀಸು. ನನ್ನ ಮುಖ ನೋಡಿ ಅವರಿಗೆ ಏನನ್ನಿಸಿತೋ, ಪೀಠದ ಪಕ್ಕದ ತಗಡನ್ನು ಬಿಚ್ಚಿ ಒಳಗೆ ಟಾರ್ಚು ಬಿಟ್ಟರು.

ಒಳಗೆ ಮೋಟರು ಸುಮ್ಮನೆ ಗರಗರ ತಿರುಗುತ್ತದೆ, ಅದಕ್ಕೆ ಬೇರೇನೂ ಬಾರದು. ಆ ವೇಗವನ್ನು ಬೆಲ್ಟೂ ಹಲ್ಲುಚಕ್ರಗಳೂ ಸೇರಿ ಇಳಿಸುತ್ತವೆ. ಕೊನೆಯ ಅಚ್ಚಿನ ತುದಿಯಲ್ಲಿ ನಡುಬಿಂದುವಿನಿಂದ ಒಂದಿಷ್ಟು ಆಚೆಗೆ ಸರಿದು ಕೂತ ಒಂದು ಕ್ರ್ಯಾಂಕು. ಹಳೆಯ ಹೊಲಿಗೆ ಯಂತ್ರದಲ್ಲಿ ಕಾಲಿನ ಮೇಲೆ-ಕೆಳಗೆ ತುಳಿತ ಚಕ್ರದ ಸುತ್ತಾಟವಾಗುತ್ತದಲ್ಲ, ಅದರ ಉಲ್ಟಾ ಇಲ್ಲಿ: ಸುತ್ತಾಟ ಹೋಗಿ ಏರಿಳಿತವಾಗುತ್ತದೆ. ಬರೀ ಏರಿಳಿತವಾದರೆ ಅದು ಎತ್ತಿ ಇಳಿಸಿದ ಹಾಗಿರುತ್ತದೆಯೇ ಹೊರತು ಕುದುರೆಯ ಓಟವಾಗುವುದಿಲ್ಲ. ಎದೆ ಮೇಲೇಳುವಾಗ ಸೊಂಟ ಕುಸಿಯಬೇಕು, ಸೊಂಟ ಏಳುವಾಗ ಮೈಯೆಲ್ಲ ಮುಂದಕ್ಕೆ ನುಗ್ಗಬೇಕು. ಆ ಒಂದು ಸಣ್ಣ ತಾಳವ್ಯತ್ಯಾಸವನ್ನು ಯಾರೋ ಕೂತು, ನಿಜವಾದ ಕುದುರೆಗಳನ್ನು ನೋಡಿ ನೋಡಿ, ಕಬ್ಬಿಣದ ಸಲಾಕೆಗಳಲ್ಲಿ ಹಿಡಿದಿಟ್ಟಿದ್ದಾರೆ! ನೆಲದ ಮೇಲೆ ಮಂಡಿಯೂರಿ ಅದನ್ನೇ ನೋಡುತ್ತ ಕೂತ ನನಗೆ ಮಂಡಿ ನೋಯುತ್ತಿರುವುದೂ ತಿಳಿಯಲಿಲ್ಲ.

ಆಮೇಲೆ ನಾಣ್ಯದ ದಾರಿ. ಅದನ್ನಂತೂ ಹೇಳಲೇಬೇಕು.

ಸೀಳುಕಿಂಡಿಯಲ್ಲಿ ಹಾಕಿದ ಹತ್ತು ಸೆಂಟಿನ ಡೈಮ್ ನೇರವಾಗಿ ಹೋಗಿ ಸ್ವಿಚ್ಚು ಒತ್ತುತ್ತದೆ ಎಂದುಕೊಂಡಿದ್ದೆ. ಇಲ್ಲ, ಅದಕ್ಕೆ ಮೊದಲು ಪರೀಕ್ಷೆಯ ಮೇಲೆ ಪರೀಕ್ಷೆ. ಡೈಮ್‌ನ ಅಗಲ 17.9 ಮಿಲಿಮೀಟರ್, ದೊಡ್ಡದು ಕಿಂಡಿಯಲ್ಲಿ ತೂರುವುದಿಲ್ಲ, ಸಣ್ಣದು ದಾರಿಯಲ್ಲೇ ಉದುರಿಹೋಗುತ್ತದೆ. ಮುಂದೆ ಒಂದು ಪುಟ್ಟ ತೊಟ್ಟಿಲು. ಬೆಳ್ಳಿಯ ಡೈಮ್‌ನ ತೂಕ ಎರಡೂವರೆ ಗ್ರಾಮ್, ಅಷ್ಟು ಭಾರ ಬಿದ್ದರೇ ತೊಟ್ಟಿಲು ವಾಲುವುದು. ಅದರಾಚೆ ಇಳಿಜಾರು, ಇಳಿಜಾರಿನ ಮಗ್ಗುಲಲ್ಲಿ ಅಯಸ್ಕಾಂತ. ಕಬ್ಬಿಣದ ವಾಷರ್ ಹಾಕಿ ಯಾಮಾರಿಸಲು ನೋಡಿದರೆ ಅದು ಅಲ್ಲೇ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ, ನಿಜ. ಆದರೆ ಅಯಸ್ಕಾಂತದ ಮುಂದೆ ಉರುಳುವಾಗ ಅದರ ಮೈಯೊಳಗೆ ವಿದ್ಯುತ್ತಿನ ಸುಳಿಗಳೇಳುತ್ತವೆ, ಆ ಸುಳಿಗಳು ಅದನ್ನು ಹಿಂದಕ್ಕೆ ಜಗ್ಗುತ್ತವೆ, ನಾಣ್ಯ ನಿಧಾನವಾಗುತ್ತದೆ. ಎಷ್ಟು ನಿಧಾನ ಎಂಬುದು ಲೋಹದಿಂದ ಲೋಹಕ್ಕೆ ಬೇರೆ. ಸರಿಯಾದ ವೇಗದಲ್ಲಿ ಬಂದದ್ದು ಸರಿಯಾದ ಜಾಗಕ್ಕೆ ಬೀಳುತ್ತದೆ. ಅವಸರದಲ್ಲಿ ಬಂದ ಖೋಟಾ ಬಿಲ್ಲೆ ದಾರಿ ತಪ್ಪಿ, ಕೆಳಗಿನ ಬಟ್ಟಲಿಗೆ ವಾಪಸ್ಸು. ಇಷ್ಟೆಲ್ಲ ಕಣ್ಣೆವೆ ಮಿಟುಕಿಸುವಷ್ಟರಲ್ಲಿ, ಒಂದು ಹನಿ ಕರೆಂಟಿನ ಹಂಗೂ ಇಲ್ಲದೆ, ಬರೀ ಬೀಳುವ ನಾಣ್ಯದ ಭಾರದಿಂದಲೇ! ಗೆದ್ದ ನಾಣ್ಯ ಮಾತ್ರ ಹೋಗಿ ಸ್ವಿಚ್ಚಿನ ನಾಲಗೆಯನ್ನು ತಟ್ಟುತ್ತದೆ. ಆಗ ಒಂದು ಬಿಲ್ಲೆ ನಿಧಾನಕ್ಕೆ ಸುತ್ತತೊಡಗುತ್ತದೆ; ಅದರ ಅಂಚಿನ ಕಚ್ಚು ಒಂದು ಸುತ್ತು ಬಂದು ಮತ್ತೆ ಸ್ವಿಚ್ಚಿಗೆ ಸಿಕ್ಕಾಗ ಕುದುರೆ ನಿಲ್ಲುತ್ತದೆ. ಮಗುವಿಗೆ ಸಿಕ್ಕ ಒಂದು ನಿಮಿಷ ಅಂದರೆ ಆ ಬಿಲ್ಲೆಯ ಒಂದು ಸುತ್ತು.

ಬೆಳ್ಳಿಯ ಡೈಮ್ ಎಂದೆನಲ್ಲ, ಅದು ಅಲಂಕಾರದ ಮಾತಲ್ಲ. 1964ರವರೆಗೆ ಅಮೆರಿಕದ ಡೈಮ್‌ನಲ್ಲಿ ಶೇ. 90 ಬೆಳ್ಳಿಯೇ. ಪೇಟೆಗೆ ಕರೆದುಕೊಂಡು ಬಂದ ಅಮ್ಮ, ಅತ್ತು ರಂಪ ಮಾಡುವ ಮಗುವಿನ ಬಾಯಿ ಮುಚ್ಚಿಸಲು ಬೆಳ್ಳಿ ಹಾಕುತ್ತಿದ್ದಳು! ಬೆಳ್ಳಿಯ ಅಭಾವ ತಲೆದೋರಿ 1965ರಲ್ಲಿ ಡೈಮ್‌ನಿಂದ ಅದನ್ನು ತೆಗೆದುಹಾಕುವಾಗ ಸರ್ಕಾರದ ಮುಂದೆ ವಿಚಿತ್ರ ಪ್ರಶ್ನೆ: ದೇಶದ ತುಂಬ ನಿಂತ ನಾಣ್ಯಯಂತ್ರಗಳು ಹೊಸ ನಾಣ್ಯವನ್ನು ಒಪ್ಪದಿದ್ದರೆ? ತಾಮ್ರದ ತಿರುಳಿಗೆ ಎರಡೂ ಕಡೆ ತಾಮ್ರ-ನಿಕ್ಕಲಿನ ಹೊದಿಕೆ ಹಾಕಿದ ‘ಸ್ಯಾಂಡ್‌ವಿಚ್’ ನಾಣ್ಯವನ್ನು ಆರಿಸಿದ್ದಕ್ಕೆ ಒಂದು ದೊಡ್ಡ ಕಾರಣ, ಅದು ಅಯಸ್ಕಾಂತದ ಮುಂದೆ ಬೆಳ್ಳಿಯ ನಾಣ್ಯದ ಹಾಗೆಯೇ ನಡೆದುಕೊಳ್ಳುತ್ತಿತ್ತು ಎಂಬುದು. ಅಂದರೆ ತಂಪುಪಾನೀಯದ ಯಂತ್ರ, ಸಿಗರೇಟಿನ ಯಂತ್ರ, ಜೊತೆಗೆ ಇಂಥ ಕುದುರೆಗಳು, ಇವುಗಳ ಗಂಟಲಿಗೆ ಹೊಂದುವ ಹಾಗೆ ಒಂದು ದೊಡ್ಡ ದೇಶ ತನ್ನ ನಾಣ್ಯದ ಲೋಹ ಆರಿಸಿತು. ನನಗಂತೂ ಇದನ್ನು ತಿಳಿದ ಮೇಲೆ ಕಿಸೆಯ ಚಿಲ್ಲರೆಯನ್ನು ಸುಮ್ಮನೆ ನೋಡಲು ಆಗುತ್ತಿಲ್ಲ.

ನಾಣ್ಯದ ಭಾರದಿಂದ ಸನ್ನೆ ವಾಲಿಸುವ ಉಪಾಯ ಎಷ್ಟು ಹಳೆಯದು ಅಂತ ಹುಡುಕಿದರೆ, ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಿ ನಿಂತೆ. ಅಲೆಕ್ಸಾಂಡ್ರಿಯಾದ ಹೀರೋ ಎಂಬ ಗ್ರೀಕ್ ಯಂತ್ರಪಂಡಿತ 1ನೇ ಶತಮಾನದಲ್ಲಿ ವರ್ಣಿಸಿದ ಒಂದು ಪಾತ್ರೆ ಇದೆ: ಐದು ದ್ರಾಕ್ಮಾ ನಾಣ್ಯ ಹಾಕಿದರೆ ಅದು ಸನ್ನೆಯ ತುದಿಯ ತಟ್ಟೆಗೆ ಬೀಳುತ್ತದೆ, ಸನ್ನೆ ವಾಲಿ ಮುಚ್ಚಳ ತೆರೆಯುತ್ತದೆ, ದೇವಾಲಯದ ಭಕ್ತನಿಗೆ ಒಂದಿಷ್ಟು ತೀರ್ಥ. ನಾಣ್ಯ ಜಾರಿ ಬಿದ್ದೊಡನೆ ಮುಚ್ಚಳ ಬಂದ್. ನಮ್ಮ ರೈಲು ನಿಲ್ದಾಣಗಳಲ್ಲಿ ಬಣ್ಣದ ಬಲ್ಬು ಮಿನುಗಿಸಿ ತೂಕದ ಜೊತೆಗೆ ಭವಿಷ್ಯದ ಚೀಟಿಯನ್ನೂ ಕೊಡುತ್ತಿದ್ದ ಯಂತ್ರಗಳು ಇದೇ ವಂಶದವು.

ಆದರೆ ಕುದುರೆಗೆ ನಾಣ್ಯ ಹಾಕಬೇಕು ಎಂದು ಹೊಳೆದದ್ದು ಯಾರಿಗೆ? ಇಲ್ಲಿ ಕತೆ ಮಿಸೂರಿ ರಾಜ್ಯದ ಸೈಕ್‌ಸ್ಟನ್ ಎಂಬ ಊರಿಗೆ ಹೋಗುತ್ತದೆ. ಅಲ್ಲಿ ಜೇಮ್ಸ್ ಆಟೊ ಹಾಸ್ ಎಂಬಾತ 1930ರಲ್ಲಿ ತನ್ನ ಮಕ್ಕಳಿಗೆ ಕ್ರಿಸ್‌ಮಸ್ ಉಡುಗೊರೆಯೆಂದು ಒಂದು ಯಾಂತ್ರಿಕ ಕುದುರೆಗೆ ಕೈಹಾಕಿದ. ದೇಶ ಮಹಾ ಆರ್ಥಿಕ ಕುಸಿತದ ಬಾಯಿಗೆ ಬೀಳುತ್ತಿದ್ದ ಹೊತ್ತು. ಬೇಗನೇ ಅದು ಮನೆಯ ಉಡುಗೊರೆಯಾಗಿ ಉಳಿಯದೆ ವ್ಯಾಪಾರವಾಯಿತು. 1932ರಲ್ಲಿ ಪೇಟೆಂಟೂ ಬಂತು. ಮೊದಮೊದಲು ಜಾತ್ರೆಯ ಸುತ್ತುಕುದುರೆಗಳನ್ನು ಕೆತ್ತುವವರಿಂದ ಮರದ ಕುದುರೆ ಮಾಡಿಸಿದ. ಮರ ತೀರ ಭಾರ. ಕೊನೆಗೆ ಅಲ್ಯುಮಿನಿಯಮ್ ಎರಕಕ್ಕೆ ಬಂದ. ಆಮೇಲೆ ಎಕ್ಸಿಬಿಟ್ ಸಪ್ಲೈ ಕಂಪನಿಯವರ ಜೊತೆ ಒಪ್ಪಂದ: ಮಾರುವುದು ಅವರು, ಶೇ. 5 ಇವನಿಗೆ. ಎರಡನೇ ಮಹಾಯುದ್ಧ ಮುಗಿದು ಸೂಪರ್‌ಮಾರ್ಕೆಟ್ಟುಗಳು ಏಳತೊಡಗಿದವು, ಮನೆಮನೆಗೆ ಟಿವಿ ಬಂತು, ಟಿವಿ ತುಂಬ ಕೌಬಾಯ್‌ಗಳು. ಅಂಗಡಿ ಬಾಗಿಲಲ್ಲೊಂದು ಕುದುರೆ ನಿಲ್ಲಿಸಿದರೆ ಯಾವ ಮಗು ತಾನೇ ಸುಮ್ಮನೆ ದಾಟಿಹೋದೀತು! ಈಗ ಹಾಡುಗಳ ಪಟ್ಟಿಗೆ ಹೆಸರಾದ ಬಿಲ್‌ಬೋರ್ಡ್ ಪತ್ರಿಕೆ ಆಗ ನಾಣ್ಯಯಂತ್ರಗಳ ವ್ಯಾಪಾರದ ಸುದ್ದಿಯನ್ನೂ ಪುಟಗಟ್ಟಲೆ ಹಾಕುತ್ತಿತ್ತು. 1953ರ ಹೊತ್ತಿಗೆ ಅದರಲ್ಲಿ ಮಕ್ಕಳ ಸವಾರಿಯಂತ್ರಗಳದ್ದೇ ಭರಾಟೆ. ಹಾಸ್ ನೆಮ್ಮದಿಯಾಗಿ ನಿವೃತ್ತನಾಗುವಷ್ಟು ದುಡ್ಡನ್ನು ಆ ಶೇ. 5 ತಂದುಕೊಟ್ಟಿತು.

ಹಾಗಂತ ಕೀಲುಕುದುರೆ ಮಕ್ಕಳ ಸ್ವತ್ತಾಗಿ ಹುಟ್ಟಿದ್ದಲ್ಲ. ಅದು ದೊಡ್ಡವರ ಔಷಧಿ! 19ನೇ ಶತಮಾನದಲ್ಲಿ ಗುಸ್ತಾಫ್ ಸಾಂಡರ್ ಎಂಬ ಸ್ವೀಡನ್ನಿನ ವೈದ್ಯ ವ್ಯಾಯಾಮ ಯಂತ್ರಗಳ ಒಂದು ಸಂತಾನವನ್ನೇ ಸೃಷ್ಟಿಸಿದ್ದ. ಸೂಟು ತೊಟ್ಟ ಗಂಭೀರ ಗಂಡಸರು ಅವುಗಳ ಮೇಲೆ ಕೂತು ಕುಲುಕಿಸಿಕೊಳ್ಳುತ್ತಿದ್ದರು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ವ್ಯಾಯಾಮಶಾಲೆಯಲ್ಲಿ ವಿದ್ಯುತ್ ಕುದುರೆಯಿತ್ತು, ಅದರ ಜೊತೆಗೆ ವಿದ್ಯುತ್ ಒಂಟೆ! ಇದನ್ನು ಓದಿದ ದಿನ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ, ಯಾರೂ ನಂಬಲಿಲ್ಲ. ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ 1925ರಲ್ಲಿ ಶ್ವೇತಭವನದೊಳಗೇ ಒಂದು ವಿದ್ಯುತ್ ಕುದುರೆ ಇರಿಸಿಕೊಂಡು ಸವಾರಿ ಮಾಡುತ್ತಿದ್ದ. ಅಪರೂಪಕ್ಕೆ ಬಾಯಿಬಿಡುವ ಮನುಷ್ಯ ಎಂದು ಹೆಸರಾದವನು. ಪತ್ರಿಕೆಗಳು ಚೆನ್ನಾಗಿ ಗೇಲಿ ಮಾಡಿದವು. ಆ ಬಗೆಯ ಕುದುರೆಯ ಹಿಂದಿದ್ದವನು ಮಿಷಿಗನ್ನಿನ ಬ್ಯಾಟಲ್ ಕ್ರೀಕ್‌ನ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್. ಹೌದು, ಬೆಳಗಿನ ಕಾರ್ನ್‌ಫ್ಲೇಕ್ಸ್‌ನ ಕೆಲಾಗ್! ದೊಡ್ಡವರು ಯಕೃತ್ತಿಗೆ ಒಳ್ಳೆಯದೆಂದು ಏರುತ್ತಿದ್ದುದನ್ನು ಮಕ್ಕಳಿಗೆ ಬರೀ ಖುಷಿಗೆಂದು ಕೊಟ್ಟದ್ದೇ ಹಾಸ್‌ನ ದೊಡ್ಡ ಕೆಲಸ ಎಂದು ನನ್ನ ಲೆಕ್ಕ.

ಆ ಖುಷಿ ಎಲ್ಲಿಗೆಲ್ಲ ಹೋಯಿತು ನೋಡಿ. ಜಪಾನಿನಲ್ಲಿ ಹಡಗು ನಿರ್ಮಾಣ ಓದಿದ ಮಸಾಯಾ ನಕಮುರ ಎಂಬ ತರುಣ 1955ರಲ್ಲಿ ಒಂದು ಸಣ್ಣ ಕಂಪನಿ ಶುರುಮಾಡಿದ. ಬಂಡವಾಳವೆಂದರೆ ಎರಡು ಆಟದ ಕುದುರೆ. ಯೊಕೊಹಾಮಾದ ಒಂದು ದೊಡ್ಡ ಅಂಗಡಿಯ ತಾರಸಿಯ ಮೇಲೆ ಅವನ್ನು ನಿಲ್ಲಿಸಿ, ತಾನೇ ನೋಡಿಕೊಂಡು, ಬಂದ ಮಕ್ಕಳ ಕೈಲಿ ಚಿಲ್ಲರೆ ಹಾಕಿಸಿಕೊಂಡ. ಆ ಕಂಪನಿ ಮುಂದೆ ನ್ಯಾಮ್ಕೊ ಆಯಿತು, 1980ರಲ್ಲಿ ಪ್ಯಾಕ್‌ಮ್ಯಾನ್ ಎಂಬ ಹಳದಿ ಗುಂಡನನ್ನು ಜಗತ್ತಿಗೆ ಬಿಟ್ಟಿತು! ಎರಡು ಕುದುರೆಯಿಂದ ಪ್ಯಾಕ್‌ಮ್ಯಾನ್‌ವರೆಗೆ ಒಂದೇ ಎಳೆ. ನಾಣ್ಯ ಹಾಕು, ಕೈಯಾಡಿಸು, ಯಂತ್ರ ನಿನ್ನ ಮಾತು ಕೇಳುತ್ತದೆ, ಹೊತ್ತು ಮುಗಿಯುತ್ತದೆ, ಇನ್ನೊಂದು ನಾಣ್ಯ. ದೊಡ್ಡವರು ಎತ್ತಿ ಕೂರಿಸುವ, ದೊಡ್ಡವರು ತಳ್ಳುವ ಆಟಿಕೆಗಳ ನಡುವೆ ಮಗು ತಾನೇ ದುಡ್ಡು ಕೊಟ್ಟು ತಾನೇ ಆಜ್ಞೆ ಮಾಡಿದ ಯಂತ್ರ ಇದು. ಗ್ಯಾರೇಜಿನಲ್ಲಿ ಲಗಾಮು ಎಳೆದಾಗ ಆ ಹುಡುಗಿಯ ಮುಖದಲ್ಲಿ ಕಂಡದ್ದು ಬರೀ ನಗುವಲ್ಲ, ಗತ್ತು.

ಇನ್ನು ಇದರ ಜೀರ್ಣೋದ್ಧಾರ. ಯಜಮಾನರು ಕುದುರೆಯನ್ನು ತಂದಾಗ ಅದಕ್ಕೆ ಒಂದು ಕಿವಿ ಇರಲಿಲ್ಲ, ಮೈಮೇಲೆ ಬಿಳಿ ಬಣ್ಣ ದಪ್ಪಗೆ ಬಳಿದಿತ್ತು. ಬಿಳಿ ಕೆರೆದರೆ ಕೆಂಪು, ಕೆಂಪಿನಡಿ ಕಪ್ಪು ಚುಕ್ಕೆಗಳ ಹಳದಿ, ಎಲ್ಲದರ ತಳದಲ್ಲಿ ಕಂದು. ಯಾವ ಯಾವ ಊರಿನ ಯಾವ ಯಾವ ಅಂಗಡಿ ಮುಂದೆ ಯಾವ ಯಾವ ವೇಷ! ಹಳೆಯ ಬಣ್ಣ ಕೆರೆಯುವುದು ಹುಡುಗಾಟವಲ್ಲ. ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಮನೆಬಳಕೆಯ ಬಣ್ಣದಿಂದ ಅಮೆರಿಕ ಅದನ್ನು ನಿಷೇಧಿಸಿದ್ದು 1978ರಲ್ಲಿ. ಆದ್ದರಿಂದ ಮುಖಕ್ಕೆ ಮಾಸ್ಕ್ ಹಾಕಿ, ಧೂಳೇಳದಂತೆ ನೀರು ಹಾಕಿ ಹಾಕಿ ಉಜ್ಜುವುದು. ಕಿವಿಯ ಕೆಲಸ ಇನ್ನೂ ಕಷ್ಟ. ಅಲ್ಯುಮಿನಿಯಮ್ ಕಾಯಿಸಿದರೆ ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಸುವುದಿಲ್ಲ, ಇದ್ದಕ್ಕಿದ್ದಂತೆ ಕರಗಿ ಕೆಳಗೆ ಬಿದ್ದೇ ಬಿಡುತ್ತದೆ. ಉಳಿದ ಕಿವಿಯಿಂದ ಅಚ್ಚು ತೆಗೆದು, ಎಡದ್ದನ್ನು ಬಲಕ್ಕೆ ಹೊಂದಿಸಿ ತಿದ್ದಿ, ಬೆಸುಗೆ ಹಾಕಿದ್ದಾರೆ. ಬೆರಳಾಡಿಸಿ ನೋಡಿದೆ, ಬೆಸುಗೆ ಎಲ್ಲಿ ಅಂತ ಹತ್ತಲಿಲ್ಲ.

ಕುತ್ತಿಗೆಯ ಎಡಬದಿಯಲ್ಲಿ, ಕೇಸರದ ಕೆಳಗೆ, ಒಂದು ಕಡೆ ಮಾತ್ರ ಹೊಸ ಬಣ್ಣ ಬಳಿದಿಲ್ಲ. ಅಂಗೈಯಗಲದ ಜಾಗ. ಎರಕದ ಕೂದಲೆಳೆಗಳು ಅಲ್ಲಿ ಸವೆದು ನುಣುಪಾಗಿ, ಬರೀ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಲಗಾಮು ಬಿಟ್ಟು ಹೆದರಿಕೆಯಿಂದ ಕುತ್ತಿಗೆಗೆ ಆತುಕೊಂಡ ಮಕ್ಕಳ ಕೈಗಳೇ ಅದನ್ನು ಉಜ್ಜಿ ಉಜ್ಜಿ ಹಾಗೆ ಮಾಡಿರುವುದು. ಇಂಥವನ್ನು ಸಂಗ್ರಹಿಸುವವರಲ್ಲಿ ಎರಡು ಪಂಗಡ: ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಮಾಡಬೇಕೆನ್ನುವವರು, ಬಂದ ಸ್ಥಿತಿಯಲ್ಲೇ ಇರಲಿ ಎನ್ನುವವರು. ನಮ್ಮ ಯಜಮಾನರು ಎರಡಕ್ಕೂ ಸೇರಿದವರಲ್ಲ. ಮೈಯೆಲ್ಲ ಹೊಸದು ಮಾಡಿ, ಆ ಅಂಗೈಯಗಲ ಜಾಗ ಬಿಟ್ಟುಕೊಟ್ಟಿದ್ದಾರೆ. ನನ್ನನ್ನು ಕೇಳಿದರೆ ಅದೇ ಸರಿ. ಇನ್ನೊಂದರಲ್ಲೂ ಅವರು ಹಟಮಾರಿಗಳ ಮಾತು ಕೇಳಿಲ್ಲ: ಒಳಗಿನ ಬಟ್ಟೆ ಸುತ್ತಿದ ಹಳೆ ವೈರು ಮುಟ್ಟಿದರೆ ಪುಡಿಯಾಗುತ್ತಿತ್ತು, ಪ್ಲಗ್ಗಿಗೆ ಎರಡೇ ಪಿನ್ನು. ಲೋಹದ ಕುದುರೆ, ಮೇಲೆ ಮಗು, ಅರ್ಥಿಂಗ್ ಇಲ್ಲ! ವೈರಿಂಗೆಲ್ಲ ಕಿತ್ತು ಹೊಸದು ಹಾಕಿ ಮೂರು ಪಿನ್ನಿನ ಪ್ಲಗ್ಗು ಕೊಟ್ಟಿದ್ದಾರೆ. ಇದಕ್ಕೂ ತಕರಾರು ತೆಗೆಯುವ ಶುದ್ಧಾಚಾರಿಗಳಿದ್ದಾರಂತೆ, ಇರಲಿ.

ನಿವೃತ್ತಿಯಾಗದೆ ಇನ್ನೂ ದುಡಿಯುತ್ತಿರುವ ಕುದುರೆ ನೋಡಬೇಕೇ ಎಂದು ತಮ್ಮ ಕೇಳಿದ. ಹತ್ತಿರದ ಮೈಯರ್ ಅಂಗಡಿಗೆ ಹೊರಟೆವು. ಗಲ್ಲಾಪೆಟ್ಟಿಗೆಗಳ ಬಳಿ ಸ್ಯಾಂಡಿ ಎಂಬ ಕುದುರೆ ನಿಂತಿದೆ. ಸವಾರಿಗೆ ಒಂದು ಸೆಂಟು. ಹತ್ತಲ್ಲ, ಒಂದು. ಹೆಂಡ್ರಿಕ್ ಮೈಯರ್ ಎಂಬ ಡಚ್ ವಲಸಿಗ ಕ್ಷೌರಿಕ 1934ರಲ್ಲಿ ಮಿಷಿಗನ್ನಿನ ಗ್ರೀನ್‌ವಿಲ್‌ನಲ್ಲಿ ತೆರೆದ ದಿನಸಿ ಅಂಗಡಿ ಈಗ ಆರು ರಾಜ್ಯಗಳಿಗೆ ಹಬ್ಬಿದೆ. ಅವನ ಮಗ ಫ್ರೆಡ್ 1962ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ದೊಡ್ಡ ಮಳಿಗೆ ತೆರೆದಾಗ ಕುದುರೆಗೆ ಇಟ್ಟ ದರ ಒಂದು ಪೆನ್ನಿ. ಅಂಗಡಿಯ ಉಳಿದೆಲ್ಲ ವಸ್ತುಗಳ ಬೆಲೆ ಏರಿದರೂ ಅದೊಂದು ಏರಲಿಲ್ಲ. ಲಾಭವಿಲ್ಲ, ಬಿಡಿ, ಬೆಲ್ಟಿನ ಸವಕಳಿಗೂ ಸಾಲದು. ಹೋಗುವವರು ಮುಂದಿನ ಮಗುವಿಗೆ ಇರಲೆಂದು ಕುದುರೆಯ ಮೇಲೆ ಪೆನ್ನಿ ಬಿಟ್ಟುಹೋಗುವ ರೂಢಿಯೂ ಇದೆ.

ಇದೇ ಫ್ರೆಡ್ ಮೈಯರ್ ಇನ್ನೊಂದು ಕುದುರೆಗೂ ದುಡ್ಡು ಹಾಕಿದ ಎಂದರೆ ನಂಬುತ್ತೀರಾ? ಲಿಯೊನಾರ್ಡೊ ಡ ವಿಂಚಿ ಮಿಲಾನಿನ ದೊರೆಗಾಗಿ ಜೇಡಿಮಣ್ಣಿನಲ್ಲಿ ಮಾಡಿದ ದೈತ್ಯ ಕುದುರೆಯ ಮಾದರಿ ಕಂಚಿಗೆ ಇಳಿಯಲೇ ಇಲ್ಲ. 1499ರಲ್ಲಿ ಊರು ಹಿಡಿದ ಫ್ರೆಂಚ್ ಸೈನಿಕರು ಅದನ್ನು ಬಾಣದ ಗುರಿ ಮಾಡಿಕೊಂಡು ಹಾಳುಗೆಡವಿದರು. ಐನೂರು ವರ್ಷದ ಮೇಲೆ, 1999ರಲ್ಲಿ, ಶಿಲ್ಪಿ ನೀನಾ ಅಕಾಮು ರೂಪಿಸಿದ 24 ಅಡಿ ಎತ್ತರದ ಎರಡು ಕಂಚಿನ ಕುದುರೆಗಳು ಎದ್ದು ನಿಂತವು. ಒಂದು ಮಿಲಾನಿನಲ್ಲಿ. ಇನ್ನೊಂದು ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಮೈಯರ್ ಉದ್ಯಾನದಲ್ಲಿ! ಒಂದೇ ಊರಲ್ಲಿ ಲಿಯೊನಾರ್ಡೊನ ಕುದುರೆಯೂ ಒಂದು ಸೆಂಟಿನ ಸ್ಯಾಂಡಿಯೂ, ಎರಡರ ಹಿಂದೆಯೂ ಅದೇ ದಿನಸಿ ಅಂಗಡಿಯವನು. ಸುಳ್ಳು ಕತೆ ಕಟ್ಟುವವನಿಗೂ ಇಷ್ಟು ಧೈರ್ಯ ಬಾರದು.

ಒಂದು ತೊಡಕು ಈಗ ಬಂದಿದೆ. 1793ರಿಂದ ಅಮೆರಿಕ ಹೊಡೆಯುತ್ತ ಬಂದ ಪೆನ್ನಿಯ ಕಾಲ ಮುಗಿಯಿತು. ಒಂದು ಸೆಂಟಿನ ಆ ಬಿಲ್ಲೆಯನ್ನು ಟಂಕಿಸಲು 3.69 ಸೆಂಟು ಖರ್ಚಾಗುತ್ತಿತ್ತು. 2025ರ ನವೆಂಬರ್ 12ರಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಚಲಾವಣೆಯ ಕೊನೆಯ ಪೆನ್ನಿ ಹೊಡೆದರು. ಹಾಗಾದರೆ ಸ್ಯಾಂಡಿಯ ಮೇವು? ಗಾಬರಿಯಿಂದ ತಮ್ಮನನ್ನು ಕೇಳಿದರೆ ಅವನು ನಕ್ಕ. ಪೆನ್ನಿ ರದ್ದಾಗಿಲ್ಲ, ಹೊಸದಾಗಿ ಹೊಡೆಯುವುದು ನಿಂತಿದೆ ಅಷ್ಟೆ. ಡಬ್ಬಿಗಳಲ್ಲಿ, ಮೇಜಿನ ಖಾನೆಗಳಲ್ಲಿ, ಕಾರಿನ ಸೀಟಿನ ಸಂದಿಗಳಲ್ಲಿ ಸುಮಾರು 30,000 ಕೋಟಿ ಪೆನ್ನಿಗಳಿವೆಯೆಂದು ಅಂದಾಜು. ಒಂದು ಪೆನ್ನಿಗೆ ಒಂದು ನಿಮಿಷ ಅಂತ ಹಿಡಿದು ಕಾಗದದ ಮೇಲೆ ಲೆಕ್ಕ ಹಾಕಿದೆ. ಎಲ್ಲವನ್ನೂ ಒಂದೇ ಕುದುರೆಗೆ ಹಾಕುತ್ತ ಹೋದರೆ ಅದು ಹಗಲೂ ರಾತ್ರಿ ನಿಲ್ಲದೆ 5 ಲಕ್ಷದ 70 ಸಾವಿರ ವರ್ಷ ಓಡುತ್ತದೆ. ಬೆಲ್ಟು ಮಾತ್ರ ನಡುವೆ ಕೆಲವು ಸಲ ಬದಲಾಯಿಸಬೇಕಾದೀತು.